ಚಿಲ್ಲರೆ ಬಾಕಿ

ರಾತ್ರಿ ಎರಡಕ್ಕ ಎದ್ದು ಕೂತು
"ಮನಗೂಳಿ ಯಾರ್ರೀ ಇಳಿಯವ್ರು?" ಅಂತಾರ.
ಇಳಿಯಾಕ ಯಾರೂ ಇಲ್ಲ. ನಾ ಒಬ್ಬಾಕಿ,
ಬಾಗಲ ಚಿಲಕಕ್ಕ ಸೆರಗು ಕಟಗೊಂಡು
ಅರೆನಿದ್ದ್ಯಾಗ.

ಮೂವತ್ತೊಂದು ವರ್ಷ ವಿಜಾಪುರ–ತಾಳಿಕೋಟಿ ಗಾಡಿ.
ಊರ ಹೆಸರೆಲ್ಲ ಇನ್ನೂ ಸಾಲಾಗಿ ಅದಾವು,
ನನ್ನ ಹೆಸರು
ಯಾವ ಸ್ಟಾಪಿನ್ಯಾಗೋ ಇಳದು ಹೋಗೇತಿ.

ಒಂದಿನ ಕೈ ಎತ್ತಿದೆ. ಹೊಡದೆ ಅಂತನ ಅನ್ನರಿ.
ಅದ ಹಾಸಗಿ, ಮೂರನೇ ಸಲ ಒಗದಿದ್ದೆ.
ಅಳಲಿಲ್ಲ ಅವ್ರು. "ರೈಟ್, ರೈಟ್" ಅಂದ್ರು, ಗಾಡಿ ಬಿಡಸವರಂಗ.
ಹಿತ್ತಲದಾಗ ನಾ ಅತ್ತಿದ್ದು
ಗ್ವಾಡಿ ಆಚಿ ಕಾಶೀಬಾಯಿಗೆ ಕೇಳಿಸೇತಿ.
ಬಂದಳು. ಬುದ್ಧಿ ಹೇಳಲಿಲ್ಲ.
"ನಮ್ಮತ್ತಿಗೂ ಹಿಂಗ ಆಗಿತ್ತವ್ವ. ನಾ ಚಿವುಟತಿದ್ದೆ" ಅಂದಳು.
ಅಷ್ಟ.

ಮರುದಿನ ಸಂಜಿ ಐದಕ್ಕ
ಜೋರಾಪುರ ಪೇಟಿಯ ನಮ್ಮ ಓಣಿ ಕಟ್ಟಿ ಬಸ್ ಆತು.
ಹಮಾಲಿ ಮುಗಿಸಿ ಲಾಲಸಾಬ ಡ್ರೈವರ್,
ಗಿರಣಿ ಬಂದೇನವಾಜ ಮೈತುಂಬ ಹಿಟ್ಟಿನ್ಯಾಗ
ಇಲ್ಲದ ಬಾಗಲಕ್ಕ ಜೋತುಬಿದ್ದಾನ,
ಸಾಲಿ ಹುಡುಗೂರು ಪಾಸ್ ತೋರಸ್ತಾವು, ಲಗ್ನಪತ್ರದ ತುಂಡು.
ಟೇಲರ್ ಸಂಗಣ್ಣ ಹ್ವಾದ ವರ್ಷದ ಕ್ಯಾಲೆಂಡರ್ ಕತ್ತರಿಸಿ
ಟಿಕೇಟ್ ಮಾಡಿ ಕೊಡತಾನ.
"ಬಾಗೇವಾಡಿ ಎರಡು."
"ಹೂವಿನ ಹಿಪ್ಪರಗಿ ಒಂದು ಫುಲ್ಲು, ಒಂದು ಹಾಫು."
ಒಳಗ ಹೋಗ್ರಿ, ಒಳಗ ಹೋಗ್ರಿ, ಬೈತಾರ ಇವ್ರು.
ಎಲ್ಲಾರೂ ಬೈಸಿಕೊಂತಾರ.
ಗೋಲಗುಮ್ಮಟ ನೋಡಾಕ ಬಂದು ದಾರಿ ತಪ್ಪಿದಾವ ಒಬ್ಬ
ಇಪ್ಪತ್ತು ರೂಪಾಯಿ ಕೊಟ್ಟ ಬಿಟ್ಟ, ಪಾಪ.

ಆ ಒಂದು ತಾಸು
ನಾ ಮಲಗತೀನಿ. ದೇವರಾಣಿ, ಬರೇ ಮಲಗತೀನಿ.
ಒಮ್ಮೊಮ್ಮೆ ತಲಿ ಹಿಕ್ಕೊಂತೀನಿ,
ಚಾ ಬಿಸಿ ಇರೂವಾಗನ ಕುಡೀತೀನಿ.

ಹ್ವಾದ ಬುಧವಾರ ನಾನೂ ಹತ್ತಿದೆ.
"ಎಲ್ಲಿಗ್ರೀ, ಬಾಯಾರ?"
ಬಾಯಿಗೆ ಯಾವ ಊರೂ ಬರಲಿಲ್ಲ.
ಮಾರಿ ನೋಡಿದ್ರು, ಕಣ್ಣ ಕೆಳಗಿನ ಕಪ್ಪು ನೋಡಿದ್ರು.
"ಏ ಹುಡುಗ, ಏಳು, ಲೇಡೀಸ್ ಸೀಟ್ ಬಿಡು."
ಆಮ್ಯಾಲ ನನಗ, ಸಣ್ಣ ದನಿಲೆ,
"ಕೂಡ್ರಿ. ನಿದ್ದಿ ಮಾಡ್ರಿ.
ನಿಮ್ಮೂರು ಬಂತಂದ್ರ ಎಬ್ಬಸ್ತೀನಿ."

ಹತ್ತರ ನೋಟು ಕೊಟ್ಟೆ. ಚಿಲ್ರ ಇಲ್ಲಂದ್ರು.
ಟಿಕೇಟಿನ ಹಿಂದ ಬಾಕಿ ಬರದು ಕೊಟ್ರು.
ಅಂಕಿ ಮರತು ಒಂದೂವರಿ ವರ್ಷಾತು,
ಬರೇ ಒಂದು ಗೀಟು, ಬಾಜೂಕ ಸೊನ್ನಿಯಂಥಾದ್ದೇನೋ.

ಕುಪ್ಪಸದಾಗ ಇಟಗೊಂಡೀನಿ.
ಇಳಿಯೂ ಮುಂದ ಕೇಳಬೇಕು.