ಎಂಟರಲ್ಲೊಂದು

ಕೊತ್ತಂಬರಿ ಬೀಜ ಘಮ್ಮೆನ್ನುವ ಮೊದಲೇ
ಚಾವಣಿಯ ಹೊಗೆಗಂಟೆ ಕಿರುಚಿಕೊಳ್ಳುತ್ತದೆ.
ಕುರ್ಚಿ ಹತ್ತಿ, ಟವೆಲು ಬೀಸಿ
ಸಮಾಧಾನ ಹೇಳುತ್ತೇನೆ: ಬೆಂಕಿಯಲ್ಲ ತಾಯೀ, ಬರೀ ಬೀಜ.
ಗ್ರಿಮ್ಸ್‌ಬಿಯ ಈ ಬಾಡಿಗೆಮನೆಗೆ
ಹುರಿಯುವುದೆಂದರೆ ಅಪಘಾತ.

ಹಗಲೆಲ್ಲ ನಾನು ಔಷಧದಂಗಡಿಯಲ್ಲಿ.
ಬಿಳಿಯ ಕೋಟು, ಎದೆಯ ಮೇಲೆ ಹೆಸರಿನ ಪಟ್ಟಿ.
ಗುಳಿಗೆಯ ತಟ್ಟೆಯಲ್ಲಿ ಐದೈದಾಗಿ
ಊರಿನವರ ದಿನಗಳನ್ನು ಸರಿಸುತ್ತ
ಮಿಲಿಗ್ರಾಮಿನಲ್ಲಿ ಮಾತಾಡುತ್ತೇನೆ.
ಸಂಜೆ ಕೋಟು ಕಳಚಿದ ಕೈ
ಚಿಟಿಕೆಗೆ ಮರಳುತ್ತದೆ.

ಚಳ್ಳಕೆರೆಯ ಹಾಲಮ್ಮತ್ತೆಯ ಲೆಕ್ಕ ಇಷ್ಟೇ:
ಎಂಟು ಲೋಟ ನೀರಿಡು, ಒಂದಕ್ಕೆ ಇಳಿಯಲಿ.
ಉಳಿದ ಏಳು ಎಲ್ಲಿಗೆ ಹೋಗ್ತವೆ ಅಂತ ಕೇಳಿದ್ದೆ, ಚಿಕ್ಕವಳು.
"ಕಾಯಿಲೆ ಮನೇಗೆ. ಬರಬೇಡ ಅಂತ ಹೇಳೋಕೆ."
ಇಲ್ಲಿ ಆ ಏಳೂ ಕಿಟಕಿಗೆ ಅಂಟಿ
ಹಡಗುಕಟ್ಟೆಯ ಎತ್ತರದ ಗೋಪುರವನ್ನು
ಬುಡದಿಂದ ಮೇಲಕ್ಕೆ ಅಳಿಸಿಬಿಡುತ್ತವೆ.

ನೆಗಡಿಗೆ ಮೆಣಸು, ಶುಂಠಿ.
ಹೊಟ್ಟೆ ಉಬ್ಬರಿಸಿದರೆ ಓಂಕಾಳು.
ಪಿತ್ತಕ್ಕೆ ಜೀರಿಗೆ, ಒಡೆದ ಗಂಟಲಿಗೆ ಜ್ಯೇಷ್ಠಮಧು.
ನಿದ್ದೆ ಬಾರದವರಿಗೂ ಒಂದು ಹೇಳುತ್ತಿದ್ದಳು,
ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ;
ಅದನ್ನು ಮಾತ್ರ ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ.
"ನೀರು ಮೊದಲು ಗಲಾಟೆ ಮಾಡ್ತದೆ,
ಆಮೇಲೆ ಕೆಂಪಾಗ್ತದೆ, ಆಮೇಲೆ ಸುಮ್ಮನಾಗ್ತದೆ.
ಸುಮ್ಮನಾದಾಗ ಇಳಿಸು."

ಪಕ್ಕದ ಮನೆಯ ಮ್ಯಾವಿಸಳಿಗೆ ಎಂಬತ್ತೊಂದು.
ಮೂವತ್ತೆಂಟು ವರ್ಷ ಮಂಜುಗಡ್ಡೆಯ ಮೇಲೆ
ಹ್ಯಾಡಕ್ ಮೀನು ಸೀಳಿದ ಬೆರಳುಗಳು
ಈಗ ಪೂರ್ತಿ ಮಡಚುವುದಿಲ್ಲ, ಪೂರ್ತಿ ಬಿಚ್ಚುವುದೂ ಇಲ್ಲ.
ಅವಳಿಗೂ ಇದೆ ಹಿತ್ತಲು, ಅವಳಿಗೂ ಅಮ್ಮ ಇದ್ದಳು:
ಜೂನ್ ತಿಂಗಳಲ್ಲಿ ಎಲ್ಡರ್ ಮರದ ಹೂಗೊಂಚಲು, ಜ್ವರಕ್ಕೆ.
ವಸಂತದ ಎಳೆ ತುರಚೆ, ರಬ್ಬರ್ ಕೈಗವಸು ಹಾಕಿ ಕಿತ್ತು,
ರಕ್ತಕ್ಕೆ ಒಳ್ಳೆಯದು ಎಂದು.
ಬೇಲಿಯ ಮೇಲಿಂದ ಕೊಡುತ್ತಾಳೆ,
ದಿನಪತ್ರಿಕೆಯಲ್ಲಿ ಸುತ್ತಿ, ಮೀನು ಕಟ್ಟಿದ ಹಾಗೆ.

ಫೆಬ್ರವರಿಯ ಒಂದು ರಾತ್ರಿ
ಗೋಡೆಯಾಚೆ ಕೆಮ್ಮು. ಆಮೇಲೆ ಬಾಗಿಲಲ್ಲಿ ಕೆಮ್ಮು.
"ಆ ವಾಸನೆ ನನ್ನ ಮಲಗುವ ಕೋಣೆವರೆಗೂ ಬಂತು.
ನನಗೂ ಒಂದು ಕಪ್ಪು ಹಾಕು."

ಸೌಟು ಎತ್ತಿದೆ. ಹಾಗೇ ನಿಂತೆ.
ಸೋಮವಾರ ನಾನೇ ಚೀಲಕ್ಕೆ ಹಾಕಿ ಕೊಟ್ಟದ್ದು:
ವಾರ್ಫರಿನ್, ಅದರ ಹಳದಿ ಪುಸ್ತಕ,
ರಕ್ತ ಗಟ್ಟಿಯಾಗದಂತೆ ಕಾಯುವ ಪುಟ್ಟ ಗುಳಿಗೆ.
ಪಾತ್ರೆಯಲ್ಲಿ ಹೆಬ್ಬೆರಳುದ್ದ ಶುಂಠಿ, ಚಮಚ ಅರಿಶಿನ.
ಹಿತ್ತಲ ಗಿಡ ಮದ್ದಲ್ಲ ಎಂದವರು ನೆಮ್ಮದಿಯಾಗಿದ್ದರು.
ಮದ್ದೇ ಹೌದು ಎಂದು ನಂಬಿದವಳು
ಅದಕ್ಕೆ ಹೆದರಲೂ ಬೇಕಲ್ಲ.

"ಬೇಡ ಮ್ಯಾವಿಸ್, ಇದು ನಿನಗಲ್ಲ" ಎಂದೆ.
ಎಷ್ಟು ವರ್ಷ ಇಲ್ಲಿದ್ದರೂ ಕೆಲವು ಮಾತು
ಬಾಯಿಂದ ಬಿದ್ದ ಮೇಲೇ ತೂಕ ತಿಳಿಯುತ್ತದೆ.
ಅವಳ ಮುಖ ಸಣ್ಣದಾಯಿತು.
ಗುಳಿಗೆಯ ಕಥೆ ಹೇಳಿದೆ, ಪುಸ್ತಕದ ಕಥೆ ಹೇಳಿದೆ,
ಬೆಳಿಗ್ಗೆ ಡಾಕ್ಟರಿಗೆ ನಾನೇ ಫೋನು ಮಾಡುವೆನೆಂದೆ,
ಕೊನೆಗೆ ಬರೀ ಬಿಸಿನೀರು, ಒಂದು ಚೂರು ಬೆಲ್ಲ.

ಎರಡೂ ಕೈಯಲ್ಲಿ ಕಪ್ಪನ್ನು ತಬ್ಬಿ ಕೂತಳು.
ಬೆರಳುಗಳು ಅದರ ಸುತ್ತ ಹೇಗೋ ಸರಿಹೊಂದಿದವು.
"ಒಣಗಿಸಿದ ಹೂವು ಮುಗಿದ ಚಳಿಗಾಲ
ಅಮ್ಮನೂ ಹೀಗೇ ಬಿಸಿನೀರು ಕೊಡುತ್ತಿದ್ದಳು.
ಇದು ತುಂಬಾ ಅಪರೂಪದ್ದು, ಬಣ್ಣವೇ ಇರಲ್ಲ ಅನ್ನುತ್ತಿದ್ದಳು."
ನಕ್ಕಳು, ಕೆಮ್ಮಿದಳು,
ತೋಳಿನಿಂದ ಕಿಟಕಿ ಒರೆಸಿ ಹೊರಗೆ ಇಣುಕಿ
"ಇನ್ನೂ ಅಲ್ಲೇ ಇದೆ" ಎಂದಳು, ಗೋಪುರಕ್ಕೆ.

ನನ್ನ ಪಾಲಿನ ಕಹಿಯನ್ನು
ಅವಳ ಎದುರು ಕುಡಿಯಲಾಗದೆ ಮುಚ್ಚಿಟ್ಟೆ.

ವಾರದ ಮೇಲೆ ಅಂಗಡಿಯ ಸಾಲಿನಲ್ಲಿ ಅವಳು.
ಕೌಂಟರಿನ ಮೇಲೆ ಕಾಗದದ ಪೊಟ್ಟಣ, ಒಣಗಿದ ಎಲ್ಡರ್ ಹೂವು.
"ಹೋದ ವರ್ಷದ್ದು, ಹೇಗೋ ಒಂದಿಷ್ಟು ಉಳಿದಿತ್ತು.
ಕೊಡೋಕೆ ಮೊದಲು ಕೇಳಬೇಕು ಅಂತ ನೀನೇ ಕಲಿಸಿದೆ.
ನಿನಗೇನೂ ಗುಳಿಗೆ ಇಲ್ಲ ತಾನೇ?"

ಅವಳ ಹಿಂದೆ ನಾಲ್ಕು ಜನ ಕಾಯುತ್ತಿದ್ದರು.
ಕೋಟಿನ ಜೇಬಿನಲ್ಲಿ
ನನ್ನದೇ ಹೆಸರಿನ ಡಬ್ಬಿ
ಒಮ್ಮೆ ಸದ್ದು ಮಾಡಿತು.