ಉಗುರುಸುತ್ತು

ನಿಂಬೆಹಣ್ಣು ತೊಟ್ಟ ಬೆರಳೊಂದು
ಮೊದಲು ಒಳಗೆ ಬಂತು, ಅದರ ಹಿಂದೆ ದೇಚು.
ಗೋಣಿಕೊಪ್ಪದ ಮಾರ್ಕೆಟ್ಟಿನ ಮೇಲ್ಮಹಡಿ;
ಕೆಳಗೆ ಹಂದಿಮಾಂಸ ಕೊಚ್ಚುವ ಸದ್ದು,
ಮೇಲೆ ಗಾಜಿನ ಬಾಗಿಲು, ಅಸಿಟೋನ್ ವಾಸನೆ, ನಾನು.

"ಕುಸುಮಾ, ಇದು ನಿನ್ನ ಕೆಲಸ" ಅಂದಳು.
ಬಯ್ಯಲಿಲ್ಲ. ದಿನಸಿ ಲೆಕ್ಕ ಹೇಳಿದ ಹಾಗೆ ಹೇಳಿ
ಹಣ್ಣು ಕಳಚಿ ತೋರಿಸಿದಳು.
ನಾನೇ ಬಳಿದ ತಿಳಿಗುಲಾಬಿಯ ಪಕ್ಕ
ಕೀವು ಕಟ್ಟಿದ ಹಳದಿ ಅಂಚು.
ಬಣ್ಣ ಮಾತ್ರ ಒಂದು ಚೂರೂ ಎದ್ದಿರಲಿಲ್ಲ,
ಹದಿನೈದು ದಿನ ಗ್ಯಾರಂಟಿ ಅಂದಿದ್ದೆನಲ್ಲ.

ಮದುವೆಗೆ ನಾಲ್ಕೇ ದಿನ.

ಆ ಶನಿವಾರ ಬೆಂಚಿನಲ್ಲಿ ಏಳು ಜನ ಕಾದಿದ್ದರು.
ಇವಳಿಗಿಂತ ಮುಂಚೆ ಒಬ್ಬರು ಕಾಲು ಚಾಚಿದರು.
ಹೆಬ್ಬೆರಳಿನ ಪಟ್ಟಿ ತೆಗೆದರೆ ಉಗುರಂಚು ಒಸರುತ್ತಿತ್ತು
ಹಿಸುಕಿದ ಕಾಫಿಹಣ್ಣಿನ ಲೋಳೆಯಂತೆ.
ಕಂಡೆ. ಕಂಡೂ ಬಾಯಿ ಬಿಡಲಿಲ್ಲ,
ದೊಡ್ಡ ತೋಟದವರ ಕಾಲಿಗೆ ಹುಣ್ಣೆನ್ನಲು
ನನ್ನ ಸಂಬಳ ಸಣ್ಣದು.
ಆಮೇಲೆ ಅದೇ ಕತ್ತರಿ, ಅದೇ ಅರ;
ಒರೆಸಿ, ನೀಲಿ ಪೆಟ್ಟಿಗೆಯಲ್ಲಿಟ್ಟು, ತೆಗೆದೆ.

ಆ ಪೆಟ್ಟಿಗೆಯ ಗುಟ್ಟೂ ಹೇಳಿಬಿಡುತ್ತೇನೆ:
ಅದರ ದೀಪ ಕೆಟ್ಟು ಒಂದು ಮಳೆಗಾಲ ಕಳೆದಿದೆ.
ಶರ್ಲಿ ಅಕ್ಕ ಸಂತೆಯಿಂದ ಮೂವತ್ತು ರೂಪಾಯಿಯ
ಮಲಗುವ ಕೋಣೆಯ ಬಲ್ಬು ತಂದು ಸಿಕ್ಕಿಸಿದ್ದರು.
"ನೀಲಿ ಕಂಡರೆ ಸಾಕು, ಜನ ನಂಬ್ತಾರೆ."
ಕೆಟ್ಟವರಲ್ಲ ಅವರು; ಕರೆಂಟು ಹೋದ ರಾತ್ರಿ
ನನ್ನ ಬಸ್ಸು ಬರುವವರೆಗೂ ಟಾರ್ಚು ಹಿಡಿದು ನಿಂತವರು.

ನನ್ನಮ್ಮ ವಿರಾಜಪೇಟೆಯ ಹೆರಿಗೆ ವಾರ್ಡಿನಲ್ಲಿ
ಇಪ್ಪತ್ತಾರು ವರ್ಷ ಕತ್ತರಿ ಬೇಯಿಸಿದಳು,
ಗಡಿಯಾರ ನೋಡಿಕೊಂಡು, ಅನ್ನಕ್ಕೂ ಇಲ್ಲದ ಮುತುವರ್ಜಿಯಲ್ಲಿ.
ಸಂಜೆ ಉಗುರು ತೆಗೆಯಬಾರದು ಎಂಬ
ಶಾಸ್ತ್ರವೊಂದನ್ನೇ ಅವಳು ನಂಬಿದ್ದು,
ಅದೂ ಬೆಳಕು ಸಾಲದೆಂದು.
ನಾನು ಕಲಿತದ್ದು ಮೈಸೂರಿನಲ್ಲಿ, ಹನ್ನೊಂದು ದಿನ:
ಹೂ ಬರೆಯುವುದು, ಕಲ್ಲು ಅಂಟಿಸುವುದು.
ಉಗುರಿನ ಬುಡದ ತೆಳುಚರ್ಮ ಕತ್ತರಿಸಿದರೆ
ಚಂದ ಕಾಣುತ್ತದೆ ಅಂದರು.
ಅದು ಹೊಸಿಲು ಎಂದು ಯಾರೂ ಅನ್ನಲಿಲ್ಲ.
ಹೊಸಿಲು ಕಿತ್ತ ಮನೆಗೆ
ಯಾರು ಬೇಕಾದರೂ ಬರಬಹುದು.

ಸ್ಕೂಟರಿನಲ್ಲಿ ಡಾಕ್ಟರ ಹತ್ತಿರ ಕರೆದೊಯ್ದೆ.
ಕೀವು ತೆಗೆಯುವಾಗ ಅವಳು ನನ್ನ ಮಣಿಕಟ್ಟು ಹಿಡಿದಳು.
ನಾಲ್ಕು ಅರ್ಧಚಂದ್ರ ಮೂಡಿದವು ನನ್ನ ಚರ್ಮದಲ್ಲಿ,
ನಾನೇ ಉದ್ದ ಮಾಡಿಕೊಟ್ಟ ಉಗುರುಗಳು.

ಗಂಗಾಪೂಜೆಯ ದಿನ, ವಾಲಗದ ನಡುವೆ,
ದಾರಿ ತಡೆದು ಕುಣಿಯುವ ನೆಂಟರ ಎದುರು
ತಲೆ ಮೇಲಿನ ಕೊಡವನ್ನು ಒಂಬತ್ತೇ ಬೆರಳಲ್ಲಿ ಹಿಡಿದು
ಎಷ್ಟೋ ಹೊತ್ತು ನಿಂತಿದ್ದಳಂತೆ.
ಬಿಳಿ ಪಟ್ಟಿಯ ಹತ್ತನೆಯದು ಆಕಾಶ ತೋರಿಸುತ್ತಿತ್ತಂತೆ.
ಫೋಟೋದವನು ಆಮೇಲೆ ಪಟ್ಟಿ ಅಳಿಸಿ
ಉಗುರು ಬರೆದನಂತೆ. ಗುಲಾಬಿ.

ಅವಳು ಬಿಟ್ಟುಹೋದ ನಿಂಬೆಹಣ್ಣು
ಬೂಷ್ಟು ಹಿಡಿಯುವ ತನಕ ಮೇಜಿನ ಮೇಲಿತ್ತು.
ತೂತಿನೊಳಗೆ ಬೆರಳಿನ ಆಕಾರ.

ಚೀಟಿ ದುಡ್ಡಲ್ಲಿ ಐದು ಲೀಟರಿನ ಕುಕ್ಕರು ತಂದೆ.
ಗ್ಯಾಸು ನಿನ್ನ ಲೆಕ್ಕಕ್ಕೇ ಅಂದರು ಶರ್ಲಿ ಅಕ್ಕ.
ಬೆಂಚಿನವರು ಮೂಗು ಅರಳಿಸುತ್ತಾರೆ:
"ಏನು ಅಡಿಗೆ? ಪಂದಿಕರಿಯಾ?"
"ಕತ್ತರಿ" ಅನ್ನುತ್ತೇನೆ. ನಗುತ್ತಾರೆ.

ದೊಡ್ಡ ತೋಟದವರು ಮತ್ತೆ ಬಂದು ಕಾಲು ಚಾಚಿದರು.
"ಇದನ್ನು ಡಾಕ್ಟರಿಗೆ ತೋರಿಸಿ, ಬಣ್ಣ ಆಮೇಲೆ."
ಅಷ್ಟು ಹೇಳುವಷ್ಟರಲ್ಲಿ ನಾಲಿಗೆ ಒಣಗಿತ್ತು.
ಅವರು ಚಪ್ಪಲಿ ಮೆಟ್ಟಿ ಇಳಿದು ಹೋದರು.
ಶರ್ಲಿ ಅಕ್ಕ ನನ್ನ ಕಡೆ ನೋಡಲಿಲ್ಲ.
ಕೆಳಗೆ ಕೊಚ್ಚುವ ಸದ್ದು ಯಾಕೋ ನಿಂತಿತ್ತು.
ಕುಕ್ಕರು ಕೂಗಿತು, ಒಂದು.
ಗಡಿಯಾರ ನೋಡಿದೆ.