ಬಿಸಿ ನಲ್ಲಿಯ ತಣ್ಣೀರು

ಸಿತ್ರಾದಲ್ಲಿ ಜುಲೈ ಬಂತೆಂದರೆ
ಗೀಸರ್ ಆರಿಸಿಬಿಡುತ್ತೇವೆ.
ಛಾವಣಿಯ ಟ್ಯಾಂಕಿನ ನೀರು ಕುದಿಯುತ್ತದೆ,
ಒಳಗೆ ಗೀಸರಿನ ಹೊಟ್ಟೆಯಲ್ಲಿ ನಿಂತದ್ದು ತಣ್ಣಗೆ.
ಕೆಂಪು ಚುಕ್ಕೆಯ ನಲ್ಲಿ ತಿರುಗಿಸಿದರೆ ತಂಪು,
ನೀಲಿಯದು ಕೈ ಸುಡುತ್ತದೆ.
ಹೊಸಬರಿಗೆ ಹೇಳಿಕೊಡಬೇಕು ಇದನ್ನು.

ದಾಮೂದಿ ಸಾಹೇಬರ ಲೆಕ್ಕವನ್ನೂ.

ಪಾಲಿಲ್ಲದ ಮ್ಯಾನೇಜರಾಗಿದ್ದಾಗ ಮನುಷ್ಯ ಮಹಾ ಧಾರಾಳಿ.
ಹಡಗಿನ ಬಿಡಿಭಾಗ ಮಾರುವ ಕಂಪನಿಗೆ
ಹಿದ್ದ್‌ನಲ್ಲಿ ನಾಲ್ಕನೇ ಗೋದಾಮು,
ಯಾರೂ ಕೂರದ ಇಟಲಿಯ ಸೋಫಾ,
ತಿಂಗಳ ಇಪ್ಪತ್ತಕ್ಕೆ ಖಾತೆ ಬರಿದು.
ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಎಂದು
ಲೆಡ್ಜರಿನ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದು
ನಾನೇ ಅಳಿಸಿದ್ದೆ.

ಮುದುಕ ಅರ್ಬಾಬ್ ನೂರಕ್ಕೆ ಏಳು ಪಾಲು ಕೊಟ್ಟ ದಿನ
ಸಾಹೇಬರು ಎದ್ದು ಹೋಗಿ ಕಾರಿಡಾರಿನ ದೀಪ ಆರಿಸಿದರು.
ಕಣ್ಣಾರೆ ಕಂಡೆ.
ಸೋಫಾ ಹೋಯಿತು, ಗೋದಾಮು ಹೋಯಿತು,
ಹಾಳೆಯ ಬೆನ್ನಿಗೂ ಮುದ್ರಣ.
ಸಾಲ ತೀರಿತು. ಉಳಿದದ್ದು
ಪಾಲುದಾರರ ಕೈಗೆ, ವರ್ಷಕ್ಕೆರಡು ಸಲ, ತಪ್ಪದೆ.

ಇಪ್ಪತ್ತೆಂಟಾದಾಗ ಬೇರೆಯೇ ಕಾಯಿಲೆ.
ಕುರ್ಚಿಯಿಂದ ಎಬ್ಬಿಸುವವರಿಲ್ಲ,
ಆದರೂ ಪಕ್ಕದ ಕೋಣೆಯಲ್ಲಿ ಅರ್ಬಾಬನ ಮಕ್ಕಳು.
ಖಾತೆ ಊದತೊಡಗಿತು.
ಹನ್ನೊಂದು ಲಕ್ಷ ದಿನಾರು,
ಚುಕ್ಕೆಯ ಬಲಕ್ಕೆ ಫಿಲ್ಸಿನ ಮೂರು ಸೊನ್ನೆ ಬೇರೆ.
ಕ್ರೇನ್ ಬೇಡ. ಲಾಭಾಂಶ ಬೇಡ.
ಬ್ಯಾಂಕಿನ ಹುಡುಗಿ ಫೋನು ಮಾಡಿದರೆ, ಇರಲಿ ಬಿಡಿ.
"ಕಷ್ಟಕಾಲಕ್ಕೆ ಬೇಕಾಗುತ್ತೆ, ಶೇರಿಗಾರ್."
ಯಾರ ಕಷ್ಟಕ್ಕೆ ಎಂದು ಕೇಳುವಷ್ಟು ಸಂಬಳ ನನಗಿಲ್ಲ;
ಹೆಸರಲ್ಲಷ್ಟೇ ಶೇರು ಇರುವವ.

ಅರ್ಬಾಬ್ ತೀರಿಕೊಂಡ. ಮಕ್ಕಳು ಮಾರಿಕೊಂಡು ಲಂಡನ್ನಿಗೆ ಹೋದರು.
ಈಗ ಸಾಹೇಬರದು ನೂರಕ್ಕೆ ಎಂಬತ್ತಮೂರು.
ಇನ್ನು ಬೀಗದ ಮೇಲೆ ಬೀಗ, ಅಂದುಕೊಂಡೆ.
ಮರುವಾರವೇ ಎರಡು ಕ್ರೇನಿಗೆ ಚೆಕ್ಕು,
ನಮ್ಮೆಲ್ಲರ ಬಾಕಿ ಬೋನಸ್ಸು.
ನನ್ನ ಮುಖ ನೋಡಿ ನಕ್ಕರು:
"ಇನ್ನು ಯಾರಿಂದ ಅಡಗಿಸಲಿ ಮಾರಾಯ?"

ಆ ರಾತ್ರಿ ಮಂಚದಡಿಯ ಹಾಲಿನಪುಡಿ ಡಬ್ಬಿ ಎಳೆದು ಎಣಿಸಿದೆ.
ಇನ್ನೂರ ಹದಿನಾಲ್ಕು ದಿನಾರು, ಆರುನೂರು ಫಿಲ್ಸ್.
ಆರು ವರ್ಷದ್ದು. ನೂರಕ್ಕೆ ನೂರೂ ನನ್ನದೇ.
ಒಂದು ಒಳ್ಳೆಯ ಚಪ್ಪಲಿಯನ್ನೂ ಕೊಂಡಿಲ್ಲ ಅದರಿಂದ.

ಮುಚ್ಚಳ ಹಾಕಿದೆ.
ಮತ್ತೆ ತೆಗೆದೆ.
ಕೋಣೆಯಲ್ಲಿ ನಾನೊಬ್ಬನೇ ಇದ್ದೆ.